ಬಳೆ ತೊಟ್ಟ ಸೇನಾಪತಿ

ನಿನ್ನೆ ಊರಿಗೆ ಹೋಗಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಪುರುಸೊತ್ತಿಲ್ಲದವರು ಲೈಕ್ ಒತ್ತಿ ಮುಂದೆ ಹೋಗಿ, ಹೇಗೂ ಅದನ್ನೇ ಮಾಡುವವರು ನೀವು.

ಸಾಗರದ ನಮ್ಮನೆಗೆ ಬಂದವರು ಆ ಕಲ್ಲು ನೋಡಿರುತ್ತೀರಿ. ಹಕ್ಕಲು ದಾಟಿ ತೋಟಕ್ಕೆ ಇಳಿಯುವ ದಾರಿಯಲ್ಲಿ, ಮತ್ತಿ ಮರದ ಬುಡದಲ್ಲಿ, ಅರ್ಧ ಮಣ್ಣಲ್ಲಿ ಹೂತುಕೊಂಡು ನಿಂತಿದೆ. ಅದರ ಪಕ್ಕ ಈಗ ಕಬ್ಬಿಣದ ಬೋರ್ಡು ಬಂದಿದೆ. ಹಳದಿ ಬಣ್ಣ, ಕಪ್ಪು ಅಕ್ಷರ. ಕೆಳದಿ ಸಂಸ್ಥಾನದ ವೀರ ಸೇನಾಪತಿಯ ಸ್ಮಾರಕವಂತೆ. 1763ರಲ್ಲಿ ಹೈದರಾಲಿಯ ಸೈನ್ಯದ ಜೊತೆ ಹೋರಾಡಿ ಇದೇ ಜಾಗದಲ್ಲಿ ಮಡಿದನಂತೆ. ಕೆಳಗೆ ಸಣ್ಣಕ್ಷರದಲ್ಲಿ ಆಧಾರ ಅಂತ ಒಂದು ಸಾಲು ಬೇರೆ. ಆ ಸಾಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ, ಸ್ವಲ್ಪ ಧೈರ್ಯ ಬೇಕು.

ಬೋರ್ಡು ಬರೆಸಿದ ಮಹಾನುಭಾವರು ಯಾರೂ ಕಲ್ಲನ್ನು ನೋಡಿಲ್ಲ! ಒಂದು ಕಂಬ. ಕಂಬದಿಂದ ಹೊರಟ ಒಂದು ತೋಳು. ಮೊಣಕೈ ಮಡಚಿ ಅಂಗೈ ಮೇಲೆತ್ತಿದೆ. ಕೈತುಂಬ ಬಳೆ. ಹೆಬ್ಬೆರಳು ತೋರುಬೆರಳ ಸಂದಿಯಲ್ಲಿ ನಿಂಬೆಹಣ್ಣು. ಮೇಲೆ ಸೂರ್ಯ, ಚಂದ್ರ. ಅಕ್ಷರ ಅನ್ನುವುದು ಒಂದೂ ಇಲ್ಲ. ಅದು ಮಾಸ್ತಿಕಲ್ಲು. ಗಂಡನ ಚಿತೆಗೆ ಹೋದ ಹೆಂಗಸಿನ ಕಲ್ಲು. ಮಲೆನಾಡಲ್ಲಿ ಇಂಥವು ಎಷ್ಟಿಲ್ಲ! ಸೇನಾಪತಿ ಬಳೆ ತೊಟ್ಟುಕೊಂಡು, ನಿಂಬೆಹಣ್ಣು ಹಿಡಿದುಕೊಂಡು ಯುದ್ಧಕ್ಕೆ ಹೋಗಿದ್ದನಾ? ಅದೂ ಅಲ್ಲದೆ ಹೈದರಾಲಿ ಬಂದದ್ದು ಕೆಳದಿಯವರ ರಾಜಧಾನಿ ಬಿದನೂರಿನ ಖಜಾನೆಗೆ. ನಮ್ಮ ಅಡಿಕೆ ತೋಟದಲ್ಲಿ ಅವನಿಗೆ ಎಂತ ಕೆಲಸ?

ನಮ್ಮಜ್ಜಿ ಅವಳನ್ನು ಮಾಸ್ತಮ್ಮ ಅನ್ನುತ್ತಿದ್ದಳು. ಅಡಿಕೆ ಕೊಯ್ಲಿನ ಮೊದಲ ದಿನ ಅರಿಶಿನ ಕುಂಕುಮ ಇಟ್ಟು ಒಂದು ಹಿಡಿ ಹಸಿ ಅಡಿಕೆ ಇಟ್ಟು ಬರುತ್ತಿದ್ದಳು. ಯಾರು, ಯಾವ ಕಾಲದವಳು ಅಂತ ಕೇಳಿದರೆ, "ಯಾರೋ ಪಾಪ, ನಮ್ಮಂಥವಳೇ" ಅಂದು ಸುಮ್ಮನಾಗುತ್ತಿದ್ದಳು. ನನ್ನ ಪ್ರಕಾರ ಆ ಬೋರ್ಡಿಗಿಂತ ಅಜ್ಜಿಯ ಈ ಮಾತಿನಲ್ಲಿ ಇತಿಹಾಸ ಜಾಸ್ತಿ ಇದೆ.

ಅಲ್ಲಿದ್ದ ಹುಡುಗರನ್ನು ಕೇಳಿದೆ, ಇದು ಸೇನಾಪತಿ ಅಂತ ಯಾರಪ್ಪ ಹೇಳಿದ್ದು ಅಂತ. "ಬೋರ್ಡಲ್ಲೇ ಬರ್ದಿದೆಯಲ್ಲ ಅಕ್ಕಾ" ಅಂದರು. ನೋಡಿ, ನನಗೆ ಉರಿಯುವುದೇ ಇಲ್ಲಿ. ಬರೆದಿದೆ, ಆದ್ದರಿಂದ ನಿಜ. ಯಾರು ಬರೆದರು, ಯಾವಾಗ ಬರೆದರು, ಯಾರನ್ನು ಮೆಚ್ಚಿಸಲಿಕ್ಕೆ ಬರೆದರು, ಒಬ್ಬರೂ ಕೇಳುವುದಿಲ್ಲ.

ಬರೆದದ್ದರ ಬಂಡವಾಳ ನನ್ನ ಹುಟ್ಟಿದ ದಿನದಲ್ಲೇ ಇದೆ. ಪ್ರತಿ ಜೂನ್ 1ಕ್ಕೆ ನೀವೆಲ್ಲ ಇಲ್ಲಿ ಕೇಕಿನ ಚಿತ್ರ ಹಾಕುತ್ತೀರಲ್ಲ, ಥ್ಯಾಂಕ್ಸ್, ಆದರೆ ನಾನು ಅವತ್ತು ಹುಟ್ಟಲೇ ಇಲ್ಲ. ಹುಟ್ಟಿದ್ದು ಆರಿದ್ರೆ ಮಳೆಯಲ್ಲಿ. ಹಳ್ಳ ಬಂದು ಸೂಲಗಿತ್ತಿ ಆಚೆ ದಡದಲ್ಲೇ ನಿಂತಿದ್ದಳು ಅಂತ ಅಮ್ಮ ಇವತ್ತಿಗೂ ಹೇಳುತ್ತಾಳೆ. ಶಾಲೆಗೆ ಸೇರಿಸುವಾಗ ಅಪ್ಪನಿಗೆ ತಾರೀಖು ಗೊತ್ತಿರಲಿಲ್ಲ, ಮೇಷ್ಟ್ರು ಜೂನ್ 1 ಅಂತ ಬರೆದರು. ನಮ್ಮ ಕ್ಲಾಸಿನ ಅರ್ಧ ಮಕ್ಕಳು ಅದೇ ದಿನ ಹುಟ್ಟಿದವರು! ಈಗ ಆಧಾರ್, ಪಾನ್, ಪಾಸ್‌ಪೋರ್ಟ್ ಎಲ್ಲವೂ ಮೇಷ್ಟ್ರ ಪರವಾಗಿ ಸಾಕ್ಷಿ ಹೇಳುತ್ತವೆ. ಅಮ್ಮನ ಕಡೆ ಒಂದು ಹಳ್ಳ ಮಾತ್ರ ಇದೆ.

ಕಾಗದ ಬಿಡಿ, ಕಲ್ಲಿನ ಮೇಲೆ ಬರೆದರೆ? ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋಗಿ. ಪ್ರಣವೇಶ್ವರ ದೇವಸ್ಥಾನದ ಮುಂದೆ ಕಂಬ ನಿಂತಿದೆ. ಮಯೂರಶರ್ಮ ಓದಲಿಕ್ಕೆ ಕಂಚಿಗೆ ಹೋದದ್ದು, ಪಲ್ಲವರ ಕುದುರೆ ಸವಾರನ ಜೊತೆ ಜಗಳವಾದದ್ದು, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದದ್ದು, ಎಲ್ಲ ಅದರಲ್ಲಿದೆ. ನನಗೆ ಆ ಕಂಬ ಅಂದರೆ ಪ್ರಾಣ. ಆದರೆ ಅದನ್ನು ಬರೆದ ಕುಬ್ಜ ಕವಿ ಇದ್ದದ್ದು ಕದಂಬ ಶಾಂತಿವರ್ಮನ ಕಾಲದಲ್ಲಿ. ಜಗಳ ನಡೆದು ಅಷ್ಟೊತ್ತಿಗೆ ಸುಮಾರು 100 ವರ್ಷ. ಬರೆದದ್ದು ಅನ್ನ ಕೊಟ್ಟ ದೊರೆಯ ಮನೆತನದ ಬಗ್ಗೆ. ಆ ಕುದುರೆ ಸವಾರನ ಮನೆಯವರನ್ನು ಯಾರೂ ಮಾತಾಡಿಸಲಿಲ್ಲ. ಜಗಳ ಯಾರು ಶುರು ಮಾಡಿದರೋ! ನಮ್ಮ ಬೇಲಿ ಜಗಳದಲ್ಲೇ ಎರಡು ಮನೆಯ ಕಥೆ ಎರಡು ಥರ ಇರುತ್ತದೆ, ಅದೂ ಒಂದೇ ಸಂಜೆಯೊಳಗೆ.

1830-31ರ ನಗರ ಸೀಮೆಯ ರೈತ ದಂಗೆ ಇನ್ನೂ ಹತ್ತಿರದ್ದು (ಬಿದನೂರಿಗೇ ಆಮೇಲೆ ನಗರ ಅಂತ ಹೆಸರು). ಆಗಲೇ ಸರ್ಕಾರಿ ವರದಿಗಳೂ ಇದ್ದವು. ಬೂದಿ ಬಸವಪ್ಪ ತಾನು ಕೆಳದಿ ವಂಶದವನು ಅಂದ, ರೈತರು ಅವನ ಹಿಂದೆ ಹೋದರು. ಅವನು ನಿಜವಾದ ವಾರಸುದಾರನೋ ವೇಷ ಹಾಕಿದವನೋ? ಅದಕ್ಕೆ ಉತ್ತರ ಬರೆದಿಟ್ಟವರು ಅವನ ದಂಗೆಯನ್ನು ಅಡಗಿಸಿದ ಕಡೆಯವರು. ಬಸವಪ್ಪನ ಪರವಾಗಿ ವರದಿ ಬರೆಯಲಿಕ್ಕೆ ಗುಮಾಸ್ತರು ಇರಲಿಲ್ಲ.

ಮಾಸ್ತಮ್ಮನ ವಿಷಯಕ್ಕೇ ವಾಪಸ್ ಬರುತ್ತೇನೆ. ರಾತ್ರಿ ನಿದ್ದೆ ಬಾರದೆ ನೆನಪಾದದ್ದು ಇಕ್ಕೇರಿಯ ಒಂದು ಸಂಗತಿ. 1623ರಲ್ಲಿ, ಕೆಳದಿಯ ವೆಂಕಟಪ್ಪ ನಾಯಕನ ಕಾಲದಲ್ಲಿ, ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನುವ ಇಟಲಿಯವನೊಬ್ಬ ಗೋವಾದ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಬಂದಿದ್ದ. ಕಂಡದ್ದನ್ನೆಲ್ಲ ಇಟಲಿಯಲ್ಲಿದ್ದ ಸ್ನೇಹಿತನಿಗೆ ಪತ್ರ ಬರೆಯುವ ಅಭ್ಯಾಸದವನು. ಅಲ್ಲಿ ಸಹಗಮನಕ್ಕೆ ಹೊರಟ ಒಬ್ಬ ಹೆಂಗಸನ್ನು ಕಂಡ. ಅವಳ ಗಂಡ ವಾದ್ಯ ಬಾರಿಸುವವನು. ರಾಣಿಯೂ ಅಲ್ಲ, ಸೇನಾಪತಿಯ ಹೆಂಡತಿಯೂ ಅಲ್ಲ. ಅವಳ ಹತ್ತಿರ ಹೋಗಿ ಮಾತಾಡಿಸಿದ. ಬೇಡ ಅಂತ ಹೇಳಿ ನೋಡಿದ. ಅವಳು ಕೇಳಲಿಲ್ಲ. ಕೊನೆಗೆ, ನಿನ್ನ ಹೆಸರು ಅಳಿಯದ ಹಾಗೆ ನನ್ನ ಕೈಲಾದಷ್ಟು ಮಾಡುತ್ತೇನೆ ಅಂತ ಮಾತು ಕೊಟ್ಟ. ಕೊಟ್ಟ ಮಾತಿನಂತೆ ಹೆಸರು ಬರೆದಿಟ್ಟ: ಜಾಕ್ಕಮಾ.

ಜಕ್ಕಮ್ಮ ಇರಬೇಕು ಅಂತ ನನ್ನ ಊಹೆ. ನೋಡಿ, ಹೆಸರೊಂದನ್ನು ಉಳಿಸುತ್ತೇನೆ ಅಂತ ಹಟ ಹಿಡಿದು ಬರೆದವನ ಕೈಯಲ್ಲೂ ಅದು ಇಟಲಿಯ ಬಾಯಿಗೆ ಸಿಕ್ಕಿ ಸ್ವಲ್ಪ ಸೊಟ್ಟಗಾಯಿತು. ಅವಳ ಮಾತೂ ಅಷ್ಟೇ, ದುಭಾಷಿಯ ಬಾಯಿಂದ ಅವನ ಕಿವಿಗೆ, ಅಲ್ಲಿಂದ ಕಾಗದಕ್ಕೆ. ಆದರೂ ಆ ಪರದೇಶಿ ಮೊದಲು ಅವಳ ಹತ್ತಿರ ಹೋದ, ಕೇಳಿದ, ಆಮೇಲೆ ಬರೆದ. ನಮ್ಮವರು ಕಲ್ಲಿನ ಎದುರೇ ಗುಂಡಿ ತೋಡಿ, ಸಿಮೆಂಟು ಹಾಕಿ ಬೋರ್ಡು ನೆಟ್ಟಿದ್ದಾರೆ. ಒಬ್ಬನಿಗೂ ಬಳೆ ಕಾಣಲಿಲ್ಲ.

ತಮ್ಮನ ಮಗ ಫೋನಲ್ಲಿ ವಾದ ಮಾಡಿದ. "ಅತ್ತೆ, ಬೋರ್ಡ್ ಇದ್ರೆ ಕಲ್ಲಾದ್ರೂ ಉಳಿಯುತ್ತೆ. ಇಲ್ದಿದ್ರೆ ರಸ್ತೆ ಅಗಲ ಮಾಡುವಾಗ ಜೆಸಿಬಿ ಎತ್ತಿ ಬಿಸಾಕುತ್ತೆ. ಸೇನಾಪತಿ ಅಂದ್ರೆ ಮುಟ್ಟಲ್ಲ." ಹೌದು ಮಾರಾಯ, ಕೆರೆ ಏರಿಯ ಮೇಲಿದ್ದ ಎರಡು ವೀರಗಲ್ಲು ಹಾಗೇ ಹೋದವು. ಒಂದು ಈಗ ಯಾರದೋ ಮನೆಯ ಬಟ್ಟೆ ಒಗೆಯುವ ಕಲ್ಲು. ಆದರೆ ಕಲ್ಲು ಉಳಿಸಲಿಕ್ಕೆ ಅವಳನ್ನೇ ಅಳಿಸಬೇಕಾ? "ಮಾಸ್ತಿಕಲ್ಲು" ಅಂತ ಬರೆದರೆ ಬಣ್ಣವೂ ಕಡಿಮೆ ಸಾಕಾಗುತ್ತಿತ್ತು. ಅದಕ್ಕವನು, "ಹಂಗಾದ್ರೆ ಯಾವ ಇತಿಹಾಸಾನೂ ನಂಬೋದೇ ಬೇಡ ಬಿಡಿ" ಅಂದ. ಇದೊಂದು ಉತ್ತರ ಎಲ್ಲರ ಹತ್ತಿರವೂ ರೆಡಿ ಇರುತ್ತದೆ. ಹಾಲಿಗೆ ನೀರು ಬೆರೆಸಬೇಡ ಅಂದರೆ, ಹಾಗಾದ್ರೆ ಹಾಲೇ ಕುಡಿಯಬೇಡಿ ಅಂದ ಹಾಗೆ.

ಈಗ ಆ ಸಣ್ಣಕ್ಷರದ ಸಾಲು.

"ಆಧಾರ: ಪ್ರೌಢಶಾಲೆಯ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ."

ಆ ಸಂಚಿಕೆ ನಮ್ಮನೆ ಅಟ್ಟದಲ್ಲಿದೆ. ಆ ಲೇಖನ ಬರೆದದ್ದು ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ. ಅದು ನಾನು.

ಹೌದು. "ನಮ್ಮ ಊರಿನ ಇತಿಹಾಸ" ಅಂತ ಪ್ರಬಂಧ ಸ್ಪರ್ಧೆ ಇತ್ತು. ನಮ್ಮೂರಿಗೆ ಇತಿಹಾಸ ಅಂತ ಇದ್ದದ್ದು ಆ ಒಂದು ಕಲ್ಲು. ಅಜ್ಜಿಯನ್ನು ಕೇಳಿದರೆ ಅದೇ "ಯಾರೋ ಪಾಪ." ಯಾರೋ ಪಾಪ ಅಂತ ಬರೆದರೆ ಯಾರು ಬಹುಮಾನ ಕೊಡುತ್ತಾರೆ? ಹಾಗಾಗಿ ಒಬ್ಬ ಸೇನಾಪತಿಯನ್ನು ಹುಟ್ಟಿಸಿದೆ. ಪಾಠದಲ್ಲಿ ಓದಿದ್ದ ಇಸವಿಗಳಲ್ಲಿ ನೆನಪಿದ್ದದ್ದು 1763 ಒಂದೇ, ಅದನ್ನೇ ಹಾಕಿದೆ. "ಊರಿನ ಹಿರಿಯರು ಹೇಳುವಂತೆ" ಅಂತ ಒಂದು ಮಾತೂ ಸೇರಿಸಿದೆ. ಅದರಿಂದ ಮಾರ್ಕ್ಸ್ ಜಾಸ್ತಿ ಬರುತ್ತದೆ ಅಂತ ಆಗಲೇ ಗೊತ್ತಿತ್ತು. ಬಳೆ ನನಗೆ ಕಾಣಲಿಲ್ಲವಾ? ಕಂಡಿತ್ತು. ದಿನಾ ಶಾಲೆಗೆ ಹೋಗುತ್ತಿದ್ದದ್ದೇ ಆ ದಾರಿಯಲ್ಲಿ. ಬೇಕಂತಲೇ ಬಿಟ್ಟೆ. ಮೊದಲನೇ ಬಹುಮಾನ ಬಂತು, ಒಂದು ಸ್ಟೀಲ್ ಲೋಟ. ಅಜ್ಜಿಗೆ ಓದಿ ಹೇಳು ಅಂತ ಅಪ್ಪ ಅಂದರೆ ತಲೆನೋವು ಅಂತ ಹೋಗಿ ಮಲಗಿದ್ದೆ.

ಇದನ್ನೆಲ್ಲ ನಿನ್ನೆಯೇ ಬೋರ್ಡು ಹಾಕಿಸಿದ ಸಮಿತಿಯ ಹಿರಿಯರೊಬ್ಬರಿಗೆ ಹೇಳಿದೆ. ಅವರು ಸಮಾಧಾನವಾಗಿ ಕೇಳಿದರು. ಆಮೇಲೆ, "ಅಲ್ಲ ಮಾರಾಯ್ತಿ, ನೀನು ಸಣ್ಣವಳು, ನಿಂಗೆ ಎಲ್ಲಿ ನೆನಪಿರುತ್ತೆ? ನಿಮ್ಮಜ್ಜಿ ಹೇಳಿರಬೇಕು, ಅದನ್ನೇ ಬರ್ದಿದ್ದೀಯ. ಈ ಕಥೆ ನಮ್ಮಪ್ಪನ ಬಾಯಲ್ಲೂ ನಾ ಕೇಳಿದ್ದೆ" ಅಂದರು. ಸುಳ್ಳು ಹೇಳುವ ಮನುಷ್ಯರಲ್ಲ ಅವರು. ನಿಜವಾಗಿಯೂ ಕೇಳಿದ ನೆನಪು ಅವರಿಗಿದೆ! ನಾನೇ ಕಟ್ಟಿದ್ದು ಅನ್ನುವುದಕ್ಕೆ ನನ್ನ ಹತ್ತಿರ ಏನಿದೆ? ಬರೆದ ಸಾಕ್ಷಿ ಎಲ್ಲ ಸೇನಾಪತಿಯ ಕಡೆಗಿದೆ.

ಬರುವ ಭಾನುವಾರ ಬೋರ್ಡಿನ ಉದ್ಘಾಟನೆ. ಮುಖ್ಯ ಅತಿಥಿ ನಾನೇ ಅಂತೆ, "ಮೊದಲು ಸಂಶೋಧನೆ ಮಾಡಿದವರು" ಅಂತ ಕರಪತ್ರದಲ್ಲಿ ಹಾಕಿಸಿದ್ದಾರೆ. ಹಾರಕ್ಕೂ ಹೇಳಿ ಆಗಿದೆ.