ಸಾಲ ಆಮೇಲೆ, ವಸೂಲಿ ಮೊದಲು

ಈ ದೇಶದಲ್ಲಿ ಸಾಲ ಬೇಕಾದವನನ್ನು ಬಾಯ್ತುಂಬ ‘ಸರ್’ ಎಂದು ಕರೆಯುವವನು ಒಬ್ಬನೇ ಇದ್ದಾನೆ. ಅವನಿಗೆ ಆಫೀಸಿಲ್ಲ, ಬೋರ್ಡಿಲ್ಲ, ಮುಖವೂ ಇಲ್ಲ. ಹತ್ತಂಕಿಯ ಮೊಬೈಲ್ ನಂಬರ್ ಒಂದಿದೆ. ವಾಟ್ಸ್ಆ್ಯಪ್ ಡಿಪಿಯಲ್ಲಿ ಯಾವುದೋ ದೊಡ್ಡ ಫೈನಾನ್ಸ್ ಕಂಪನಿಯ ಲೋಗೋ ಇದೆ. “ಸರ್, ನಿಮಗೆ ಐದು ಲಕ್ಷ ಅಪ್ರೂವ್ ಆಗಿದೆ” ಎನ್ನುತ್ತಾನೆ. ನೀವು ಅರ್ಜಿಯನ್ನೇ ಹಾಕಿಲ್ಲ. ಆದರೂ ಅಪ್ರೂವ್. ಹಳೇ ಸಾಲಗಳ ಜಾತಕವಾದ ಸಿಬಿಲ್ ನೋಡಲ್ಲ, ಜಾಮೀನು ಬೇಡ, ಸಂಬಳದ ಚೀಟಿ ಬೇಡ. ಆಧಾರ್, ಪ್ಯಾನ್, ಒಂದು ಸೆಲ್ಫಿ ಸಾಕು. ಬಡ್ಡಿ ವರ್ಷಕ್ಕೆ ಎರಡು ಪರ್ಸೆಂಟ್. ಸ್ವಂತ ಅಣ್ಣ ಕೂಡ ಇಷ್ಟು ಕಡಿಮೆ ಬಡ್ಡಿಗೆ ಕೊಡುವುದಿಲ್ಲ. ಅಣ್ಣನಿಗೆ ನಮ್ಮ ಚರಿತ್ರೆ ಗೊತ್ತು.

ಇದೇ ಐದು ಲಕ್ಷ ಕೇಳಿಕೊಂಡು ನಿಜವಾದ ಬ್ಯಾಂಕಿಗೆ ಹೋಗಿ ನೋಡಿ. ಮೊದಲ ದಿನ ಸಾಲದ ಸೆಕ್ಷನ್‌ನವರು ರಜೆ. ಅವರು ಬಂದ ದಿನ ಸರ್ವರ್ ರಜೆ. ಎರಡೂ ಇದ್ದ ದಿನ ಮ್ಯಾನೇಜರಿಗೆ ವರ್ಗ. ಮೂರು ವರ್ಷದ ಐಟಿ ರಿಟರ್ನ್ ತನ್ನಿ, ಇಬ್ಬರು ಜಾಮೀನುದಾರರನ್ನು ಕರೆತನ್ನಿ, ಊರಲ್ಲಿರುವ ಅಷ್ಟೂ ಬ್ಯಾಂಕುಗಳಿಂದ ಬಾಕಿ ಇಲ್ಲ ಅಂತ ಪತ್ರ ತನ್ನಿ. ಜೆರಾಕ್ಸ್ ಅಂಗಡಿಯವನು ಮಾತ್ರ ನಿಮ್ಮಿಂದ ಉದ್ಧಾರವಾಗುತ್ತಾನೆ. ಕೌಂಟರಿನಲ್ಲಿ ಕೂತವರಿಗೆ ಕನ್ನಡ ಬರುವುದಿಲ್ಲ, ನಿಮಗೆ ಹಿಂದಿ ಬರುವುದಿಲ್ಲ. ಫೋನ್ ಮಾಡುವವನು ನೋಡಿ, ಹರಕುಮುರುಕಾದರೂ ಕನ್ನಡ ಕಲಿತುಕೊಂಡೇ ಬಂದಿದ್ದಾನೆ. ಗ್ರಾಹಕ ಸೇವೆ ಅಂದರೆ ಇದು ಅಲ್ವಾ?

ಹಾಗಾಗಿ ಜನ ಮೋಸ ಹೋಗುವುದು ಬರೀ ದುರಾಸೆಯಿಂದ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಮಗಳ ಕಾಲೇಜು ಫೀಸಿಗೆ ನಾಳೆ ಕೊನೆ ದಿನ ಇರುವವನಿಗೆ ದುರಾಸೆ ಪಡಲು ಪುರುಸೊತ್ತಿರುವುದಿಲ್ಲ.

ಕರೆಯ ಮುಂದಿನ ಭಾಗಕ್ಕೆ ಬರೋಣ. ಈ ಕಡೆ ಇರುವವರು ಒಬ್ಬ ಇಸ್ತ್ರಿ ಅಂಗಡಿಯವರು ಎಂದಿಟ್ಟುಕೊಳ್ಳಿ. ಒಂದು ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ಇನ್ನೊಂದರಲ್ಲಿ ಫೋನ್.

“ಸರ್, ಫೈಲ್ ಚಾರ್ಜ್ 2,550 ಹಾಕಿಬಿಡಿ. ಹತ್ತೇ ನಿಮಿಷ, ಅಮೌಂಟ್ ಕ್ರೆಡಿಟ್.”

“ಸಾರ್, ಅದನ್ನ ಸಾಲದಲ್ಲೇ ಹಿಡ್ಕೊಂಡು ಮಿಕ್ಕಿದ್ದು ಹಾಕ್ಬಿಡಿ.”

“ಆಗಲ್ಲ ಸರ್. ಆರ್‌ಬಿಐ ರೂಲ್ಸ್. ಸಿಸ್ಟಮ್ ತಗೊಳ್ಳಲ್ಲ.”

ಇಸ್ತ್ರಿ ಅಂಗಡಿಯವರು ಕೇಳಿದ್ದು ಅರ್ಥಶಾಸ್ತ್ರದ ಪ್ರೊಫೆಸರ್ ಕೇಳಬೇಕಾದ ಪ್ರಶ್ನೆ. ಐದು ಲಕ್ಷ ಕೊಡಲು ಕೂತವನಿಗೆ ಅದರಲ್ಲೇ ಎರಡೂವರೆ ಸಾವಿರ ಮುರಿದುಕೊಳ್ಳಲು ಏನು ಕಷ್ಟ? ಫೋನ್ ಅಲ್ಲಿಗೇ ಇಟ್ಟಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಉತ್ತರದಲ್ಲಿ ‘ಆರ್‌ಬಿಐ’, ‘ರೂಲ್ಸ್’, ‘ಸಿಸ್ಟಮ್’ ಎಂಬ ಮೂರು ಮಂತ್ರ ಬಂದವು. ಬ್ಯಾಂಕಿನ ಕೌಂಟರಿನಲ್ಲಿ ಇಷ್ಟು ವರ್ಷ ಇದೇ ಮಂತ್ರ ಕೇಳಿಸಿಕೊಂಡು ತಲೆ ಆಡಿಸಿದವರು ನಾವು. ಇವನು ಹೇಳಿದಾಗ ಮಾತ್ರ ಎದುರು ಮಾತಾಡಲು ಬಾಯಿ ಎಲ್ಲಿಂದ ಬರಬೇಕು?

2,550 ಹೋಯಿತು. ಹತ್ತು ನಿಮಿಷಕ್ಕೆ ಸರಿಯಾಗಿ ಫೋನ್ ಬಂತು. ಸಮಯಪಾಲನೆಯಲ್ಲಿ ಅವನನ್ನು ಮೀರಿಸುವವರಿಲ್ಲ. ಈಗ ಇನ್ಶೂರೆನ್ಸ್ 6,500. ‘ರಿಫಂಡೆಬಲ್ ಸರ್, ಮೊದಲ ಕಂತಲ್ಲಿ ವಾಪಸ್ ಬರುತ್ತೆ.’ ಅದೂ ಹೋಯಿತು. ಸಂಜೆ ಹೊತ್ತಿಗೆ ಒಂದು ಅನಾಹುತ. ‘ಸರ್, ನಿಮ್ಮ ಅಕೌಂಟ್ ನಂಬರಲ್ಲಿ ಒಂದು ಅಂಕಿ ತಪ್ಪಾಗಿದೆ, ಐದು ಲಕ್ಷ ಮಧ್ಯದಲ್ಲಿ ಸಿಕ್ಕಿಹಾಕಿಕೊಂಡಿದೆ.’ ಯಾವುದರ ಮಧ್ಯದಲ್ಲಿ ಎಂದು ಕೇಳಬೇಡಿ. ಬಿಡಿಸಲು 8,200. ಮಾರನೇ ದಿನ ಆರ್‌ಬಿಐ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಎಂಬ ಪತ್ರ, 12,400. ಅಲ್ಲಿಗೆ 29,650 ರೂಪಾಯಿ. ‘ಸಾಲನೂ ಬೇಡ ಏನೂ ಬೇಡ, ನನ್ನ ದುಡ್ಡು ವಾಪಸ್ ಕೊಡಿ ಸಾರ್’ ಎಂದರೆ ಅದಕ್ಕೂ ವ್ಯವಸ್ಥೆ ಇದೆ: ಕ್ಯಾನ್ಸಲೇಷನ್ ಚಾರ್ಜ್ 3,000.

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಜನ ನಾವು. ಇವನು ಕುಲಾವಿಗೆ 18 ಪರ್ಸೆಂಟ್ ಜಿಎಸ್‌ಟಿ ಸೇರಿಸಿ ವಸೂಲು ಮಾಡುತ್ತಾನೆ. ಕೂಸು ಮಾತ್ರ ಹುಟ್ಟುವುದಿಲ್ಲ. ಅಂದಹಾಗೆ, ಜಿಎಸ್‌ಟಿ ಇರುವುದು ಪ್ರೊಸೆಸಿಂಗ್ ಫೀಸಿನಂಥ ಶುಲ್ಕದ ಮೇಲೆ. ಸಾಲದ ಅಸಲಿನ ಮೇಲೆ ಇಲ್ಲ. ಐದು ಲಕ್ಷಕ್ಕೆ ಜಿಎಸ್‌ಟಿ ಕಟ್ಟಿ ಎಂದವನು ಹಣಕಾಸು ಸಚಿವರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದಾನೆ ಎಂದರ್ಥ.

ಇಷ್ಟಕ್ಕೂ ಆ ಕಡೆಯವನು ಸುಮ್ನೆ ದುಡ್ಡು ಕೇಳುವುದಿಲ್ಲ, ಕಾಗದ ಪತ್ರ ಕೊಡುತ್ತಾನೆ. ಮಂಜೂರಾತಿ ಪತ್ರ ವಾಟ್ಸ್ಆ್ಯಪ್‌ಗೆ ಬರುತ್ತದೆ. ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಮೇಲೆ ಎಡಕ್ಕೆ ಮೂರು ಸಿಂಹ, ಬಲಕ್ಕೆ ರಿಸರ್ವ್ ಬ್ಯಾಂಕಿನ ಮುದ್ರೆ, ನಡುವೆ ಪ್ರಧಾನಿಯವರ ಫೋಟೋ. ಕೆಳಗೆ ಮೂರು ಸಹಿ. ಮೂರೂ ಒಂದೇ ಪೆನ್ನು, ಒಂದೇ ಕೈ. ನೇರಳೆ ಬಣ್ಣದ ದುಂಡನೆ ಸೀಲು ಬೇರೆ. ನಿಮ್ಮ ಹೆಸರಿನಲ್ಲಿ ಎರಡು ಕಾಗುಣಿತ ತಪ್ಪು. ಸರ್ಕಾರಿ ಕಾಗದ ಎಂದು ನಂಬಲು ಅದೊಂದೇ ಸಾಕು. ಜತೆಗೆ ನಿಮ್ಮ ಹೆಸರಿಗೆ ಬರೆದ ಚೆಕ್ಕಿನ ಫೋಟೋ. ಅದೂ ಸಾಲದು ಎಂದರೆ ತನ್ನದೇ ಆಧಾರ್ ಕಾರ್ಡನ್ನೂ, ಕಂಪನಿ ಐಡಿ ಕಾರ್ಡನ್ನೂ ಕಳಿಸುತ್ತಾನೆ. ಸಾಲ ಕೊಡುವವನು ಪಡೆಯುವವನಿಗೆ ಗುರುತಿನ ಚೀಟಿ ಒಪ್ಪಿಸುವ ಇಂಥ ವಿನಯವನ್ನು ಯಾವ ಬ್ಯಾಂಕ್ ಮ್ಯಾನೇಜರ್ ತೋರಿಸಿದ್ದಾರೆ ಹೇಳಿ. ಆ ಆಧಾರ್ ಹಿಂದೆ ಇದೇ ಥರ ಮೋಸ ಹೋದ ಯಾರದೋ ಇರಬಹುದು. ನಾಳೆ ನಿಮ್ಮದೂ ಹೀಗೇ ಇನ್ನೊಬ್ಬರ ವಾಟ್ಸ್ಆ್ಯಪ್‌ನಲ್ಲಿ ಅಧಿಕಾರಿಯಾಗಿ ಮೆರೆಯಬಹುದು. ಸೆಲ್ಫಿ ಕೇಳಿದ್ದು ಯಾಕೆ ಎಂದುಕೊಂಡಿರಿ?

ಇಂಥವರಿಗೆ ಬಹಳ ಪ್ರಿಯವಾದದ್ದು ಸಣ್ಣ ಉದ್ದಿಮೆದಾರರಿಗೆಂದು ಇರುವ ಮುದ್ರಾ ಸಾಲ. ಪ್ರಧಾನಮಂತ್ರಿ ಮುದ್ರಾ ಯೋಜನೆ 2015ರ ಏಪ್ರಿಲ್‌ನಲ್ಲಿ ಶುರುವಾಯಿತು. ಅದೇ ಹೆಸರಿನ ಪತ್ರ ತೋರಿಸಿ ಹತ್ತು ಲಕ್ಷಕ್ಕೆ 4,500 ಕಟ್ಟಿ, ಒಂದು ಲಕ್ಷಕ್ಕೆ 1,750 ಕಟ್ಟಿ ಎಂದು ಕೇಳಿದ ಪ್ರಸಂಗಗಳನ್ನು ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆಯಾದ ಪಿಐಬಿಯೇ ನಕಲಿ ಎಂದು ಸಾರಬೇಕಾಯಿತು. ಮುದ್ರಾ ಸಂಸ್ಥೆ ಜನರಿಗೆ ನೇರವಾಗಿ ಸಾಲ ಕೊಡುವುದೇ ಇಲ್ಲ. ಕೊಡುವುದು ಬ್ಯಾಂಕು, ಫೈನಾನ್ಸ್ ಕಂಪನಿ, ಮೈಕ್ರೋಫೈನಾನ್ಸ್‌ನವರು. ಮುದ್ರಾಗೆ ಏಜೆಂಟರೂ ಇಲ್ಲ. ಆದರೂ ‘ಮುದ್ರಾ ಆಫೀಸಿನಿಂದ ಮಾತಾಡ್ತಿದೀನಿ’ ಎನ್ನುವವರಿಗೆ ಬರವಿಲ್ಲ. ಜನರಿಗೆ ಸಾಲವನ್ನೇ ಕೊಡದ ಆಫೀಸಿಗೆ ಸಾಲ ಹಂಚಲು ಇಷ್ಟೊಂದು ಸಿಬ್ಬಂದಿ ಇರುವುದು ಇದೊಂದೇ ಇರಬೇಕು.

ಸರಿ, ಫೀಸು ಮೊದಲು ಕೇಳಿದವರೆಲ್ಲ ಕಳ್ಳರಾ? ಇಲ್ಲೇ ನಮ್ಮ ನಿಜವಾದ ಬ್ಯಾಂಕುಗಳು ವಂಚಕರಿಗೆ ಮಾಡಿಕೊಟ್ಟಿರುವ ಅನುಕೂಲ ಕಾಣುವುದು. ಮನೆ ಸಾಲಕ್ಕೆ ಹೋದರೆ ಕೆಲವು ಕಡೆ ಲಾಗಿನ್ ಫೀ ಎಂದು ಮೊದಲೇ ಕಟ್ಟಿಸಿಕೊಳ್ಳುತ್ತಾರೆ. ಸಾಲ ಸಿಗಲಿ ಬಿಡಲಿ, ಅದು ಹೋದಂತೆಯೇ. ಪರ್ಸನಲ್ ಲೋನಿಗೆ ಹೋದರೆ ಇನ್ಶೂರೆನ್ಸ್ ಪಾಲಿಸಿ ಒಂದನ್ನು ಕೊರಳಿಗೆ ಕಟ್ಟುತ್ತಾರೆ. ಕಡ್ಡಾಯವಾ ಎಂದರೆ ‘ಕಡ್ಡಾಯ ಅಲ್ಲ, ಆದರೆ ಮಾಡಿಸಿದರೆ ಒಳ್ಳೇದು’ ಎಂದು ಮುಗುಳ್ನಗುತ್ತಾರೆ. ಫೈಲ್ ಚಾರ್ಜು, ಡಾಕ್ಯುಮೆಂಟ್ ಚಾರ್ಜು, ಸ್ಟ್ಯಾಂಪ್ ಚಾರ್ಜು ಎಲ್ಲ ಇವರದೇ ಶಬ್ದಕೋಶ. ಕಳ್ಳ ಹೊಸದಾಗಿ ಒಂದು ಪದವನ್ನೂ ಹುಟ್ಟಿಸಿಲ್ಲ. ಬ್ಯಾಂಕಿನ ಪಠ್ಯಪುಸ್ತಕವನ್ನೇ ಓದಿ ರ‍್ಯಾಂಕ್ ಬಂದಿದ್ದಾನೆ.

ಇಬ್ಬರನ್ನೂ ಬೇರೆ ಮಾಡಿ ನೋಡಲು ದಾರಿ ಇದೆ. ದುಡ್ಡು ಯಾರ ಖಾತೆಗೆ ಹೋಗುತ್ತಿದೆ ನೋಡಿ. ಬ್ಯಾಂಕಿಗೆ ಕಟ್ಟುವ ಫೀಸು ಬ್ಯಾಂಕಿನ ಹೆಸರಿಗೇ ಹೋಗುತ್ತದೆ, ರಸೀದಿ ಬರುತ್ತದೆ. ಹೆಚ್ಚಿನ ಪರ್ಸನಲ್ ಲೋನ್‌ಗಳಲ್ಲಿ ಫೀಸು ಮುರಿದುಕೊಂಡೇ ಮಿಕ್ಕಿದ್ದನ್ನು ಖಾತೆಗೆ ಹಾಕುತ್ತಾರೆ. ಇವನು ಕಳಿಸಿದ ಯುಪಿಐಗೆ ಹಾಕಲು ಹೋದರೆ ಮೊಬೈಲ್ ಪರದೆ ಮೇಲೆ ಯಾರೋ ಒಬ್ಬ ವ್ಯಕ್ತಿಯ ಹೆಸರು ಬರುತ್ತದೆ. ‘ನಮ್ಮ ಕ್ಯಾಷಿಯರ್ ಸರ್’ ಎನ್ನುತ್ತಾನೆ. ಎರಡನೇ ಸಲ ಬೇರೆ ಹೆಸರು. ‘ಅವರು ರಜೆ ಸರ್.’ ಈ ಒಂದು ವಿಷಯದಲ್ಲಿ ಮಾತ್ರ ಥೇಟ್ ಬ್ಯಾಂಕೇ.

ಅವನು ಬಾಯಿ ಬಿಟ್ಟರೆ ಆರ್‌ಬಿಐ ರೂಲ್ಸ್ ಎನ್ನುತ್ತಾನಲ್ಲ, ಆ ರೂಲ್ಸು ಏನು ಹೇಳುತ್ತದೆ? 2022ರ ಸೆಪ್ಟೆಂಬರ್‌ನಲ್ಲಿ ಡಿಜಿಟಲ್ ಸಾಲಕ್ಕೆ ನಿಯಮ ಬಂತು. ನಡುವಿನ ಏಜೆಂಟನ ಫೀಸು ಸಾಲ ಕೊಡುವ ಸಂಸ್ಥೆಯೇ ಕೊಡಬೇಕು, ಅವನು ಸಾಲಗಾರನಿಂದ ವಸೂಲು ಮಾಡುವಂತಿಲ್ಲ ಎಂದು ಅದರಲ್ಲಿದೆ. ಬಡ್ಡಿ, ಶುಲ್ಕ ಎಲ್ಲ ಒಂದೇ ಕಡೆ ಬರೆದ ಪಟ್ಟಿಯನ್ನು ಮೊದಲೇ ಕೊಡಬೇಕು, ಅದೂ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಎಂಬ ನಿಯಮ 2024ರ ಅಕ್ಟೋಬರ್ 1ರಿಂದ ಎಲ್ಲ ಹೊಸ ರಿಟೇಲ್ ಸಾಲಗಳಿಗೂ ಇದೆ. ಅದರಲ್ಲಿಲ್ಲದ ಚಾರ್ಜನ್ನು ನಿಮ್ಮ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ಕನ್ನಡದಲ್ಲಿ ಈ ಪಟ್ಟಿ ಕೈಗೆ ಬಂದವರು ನಿಮ್ಮ ಓಣಿಯಲ್ಲಿ ಯಾರಾದರೂ ಇದ್ದರೆ ಹಾರ ಹಾಕಿ ಸನ್ಮಾನ ಮಾಡಿ.

ಕರ್ನಾಟಕ ಸರ್ಕಾರವೂ ಕೈಕಟ್ಟಿ ಕೂತಿಲ್ಲ. ಮೈಕ್ರೋಫೈನಾನ್ಸ್ ವಸೂಲಿಗಾರರ ಕಾಟಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಗಳು ಬಂದ ಮೇಲೆ, 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಸಾಲ ಕೊಟ್ಟು ಹಿಂಸೆ ಮಾಡಿದರೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಒಳ್ಳೆಯದೇ. ಆದರೆ ನಮ್ಮ ಫೋನಿನವನು ಈ ಕಾನೂನಿಗೆ ಸಿಗುವ ಪೈಕಿ ಅಲ್ಲ. ಅವನು ಸಾಲವನ್ನೇ ಕೊಡುವುದಿಲ್ಲ, ವಸೂಲಿ ಮಾತ್ರ ಮಾಡುತ್ತಾನೆ. ಅವನ ಮೇಲೆ ಹಾಕಬೇಕಾದದ್ದು ಹಳೇ 420. ಅದಕ್ಕೂ 2024ರ ಜುಲೈನಿಂದ ಹೊಸ ನಂಬರು ಕೊಟ್ಟಿದ್ದಾರೆ, 318. ಜಗಳದಲ್ಲಿ ‘ತ್ರೀ ಒನ್ ಏಟ್ ನನ್ಮಗನೆ’ ಎಂದು ಬೈದರೆ ಯಾರಿಗೂ ಸಿಟ್ಟೇ ಬರುವುದಿಲ್ಲ.

ಜಾಗೃತಿಗೇನೂ ಕೊರತೆಯಿಲ್ಲ. ನಿಮಗೆ ನೆನಪಿರಬೇಕು, ಕೆಲವು ತಿಂಗಳು ಯಾರಿಗೆ ಫೋನ್ ಮಾಡಿದರೂ ಮೊದಲು ಸೈಬರ್ ವಂಚನೆಯ ಪಾಠ ಕೇಳಬೇಕಿತ್ತು. ಹಿಂದಿಯಲ್ಲಿ ಅಮಿತಾಭ್ ಬಚ್ಚನ್ ಧ್ವನಿ. ಜನ ಬೇಸತ್ತು, ಅದು 2025ರ ಜೂನ್ ಕೊನೆಗೆ ನಿಂತಿತು. ಅದರಲ್ಲಿದ್ದ ಒಂದು ಸೊಗಸು ಗಮನಿಸಿದಿರಾ? ಪಾಠ ಕೇಳಬೇಕಾದದ್ದು ಫೋನ್ ಮಾಡಿದವರು. ಮೋಸ ಹೋಗುವವರಾದರೋ ಫೋನ್ ಎತ್ತಿದವರು. ಹಾಗಾಗಿ ಆ ತಿಂಗಳುಗಳಲ್ಲಿ ಸೈಬರ್ ವಂಚನೆ ಬಗ್ಗೆ ಅತಿ ಹೆಚ್ಚು ಪಾಠ ಕೇಳಿಸಿಕೊಂಡವನು, ದಿನವಿಡೀ ಡಯಲ್ ಮಾಡುತ್ತಲೇ ಇರುವ ನಮ್ಮ ಸಾಲದ ಸರ್‌ನೇ ಇರಬೇಕು.

ಈಗ ನಂಬರುಗಳ ಕಾಲ. ಬ್ಯಾಂಕು, ಫೈನಾನ್ಸ್ ಕಂಪನಿಗಳ ಮಾರಾಟದ ಕರೆ 140ರಿಂದ ಶುರುವಾಗಬೇಕು, ಸೇವೆಯ ಕರೆ 1600ರಿಂದ. ಬ್ಯಾಂಕುಗಳ ವೆಬ್‌ಸೈಟ್ ವಿಳಾಸ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯಬೇಕು. ಸಾಲದ ಆ್ಯಪ್ ಅಸಲಿಯೋ ನಕಲಿಯೋ ನೋಡಲು 2025ರ ಜುಲೈನಿಂದ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿ ಒಂದು ಪಟ್ಟಿ ಇದೆ. ನಾನು ನೆನಪಿಟ್ಟುಕೊಂಡಿರುವುದು ಹೀಗೆ: 140 ಅಂದರೆ ಮಾರಾಟ, 1600 ಅಂದರೆ ಸೇವೆ, 1930 ಅಂದರೆ ದುಡ್ಡು ಹೋಯಿತು.

ಸೈಬರ್ ವಂಚನೆಯ ದೂರು ಕೊಡುವ 1930 ಸಹಾಯವಾಣಿ ನಿಜಕ್ಕೂ ಕೆಲಸಕ್ಕೆ ಬರುವ ನಂಬರು, ಅದನ್ನು ಗೇಲಿ ಮಾಡಲಾರೆ. ದುಡ್ಡು ಹೋದ ಕೂಡಲೇ ಅಲ್ಲಿಗೆ ಫೋನ್ ಮಾಡಿದರೆ, ಅದು ಕಳ್ಳನ ಖಾತೆಯಿಂದ ಇನ್ನೊಂದು ಖಾತೆಗೆ ಹಾರುವ ಮುಂಚೆ ತಡೆ ಹಿಡಿಯುವ ಅವಕಾಶ ಇರುತ್ತದೆ. ಯುಪಿಐ ವಹಿವಾಟಿನ ನಂಬರು, ಅವನ ಫೋನ್ ನಂಬರು, ಆ ಪತ್ರದ ಸ್ಕ್ರೀನ್‌ಶಾಟು ಇಟ್ಟುಕೊಂಡಿರಬೇಕು. ಸಿಟ್ಟಿನಲ್ಲಿ ಚಾಟ್ ಅಳಿಸಿಬಿಟ್ಟರೆ ಸಾಕ್ಷಿ ಅಳಿಸುವ ಅವನ ಕೆಲಸವನ್ನು ನಾವೇ ಮಾಡಿಕೊಟ್ಟಂತೆ. ಆದರೆ ನಮ್ಮ ಜನ ಏನು ಮಾಡುತ್ತಾರೆ? ಮೊದಲ ದಿನ ಅವನ ಫೋನಿಗೇ ಕಾಯುತ್ತಾರೆ. ಎರಡನೇ ದಿನ ದೇವರಿಗೆ ಹರಕೆ. ಮೂರನೇ ದಿನ ಭಾವಮೈದುನನಿಗೆ ಗೊತ್ತಾದರೆ ಏನಂದುಕೊಂಡಾನು ಎಂಬ ಚಿಂತೆ. ವಾರ ಕಳೆದು ಠಾಣೆಗೆ ಹೋದರೆ ‘ಓದಿದವರಾಗಿ ಹೀಗೆ ಮಾಡ್ತೀರಲ್ಲ’ ಎಂಬ ಉಪದೇಶ. ಓದದವರಿಗೆ ‘ಓದಿದ್ದರೆ ಹೀಗಾಗ್ತಿತ್ತಾ’ ಎಂಬ ಉಪದೇಶ.

ಅಷ್ಟರಲ್ಲಿ ಫೋನ್ ಮತ್ತೆ ಬರುತ್ತದೆ. ಈ ಸಲ ಧ್ವನಿ ಬೇರೆ, ಗತ್ತು ಬೇರೆ. “ಸೈಬರ್ ಸೆಲ್‌ನಿಂದ ಮಾತಾಡ್ತಿರೋದು. ನಿಮಗೆ ಮೋಸ ಮಾಡಿದವನನ್ನ ಹಿಡಿದಿದ್ದೀವಿ. ನಿಮ್ಮ 29,650 ರೂಪಾಯಿ ನಮ್ಮ ಹತ್ರ ಇದೆ.”

ಇಸ್ತ್ರಿ ಅಂಗಡಿಯವರು ಪೆಟ್ಟಿಗೆ ಕೆಳಗಿಟ್ಟು ನೆಟ್ಟಗೆ ನಿಂತರು. ಲೆಕ್ಕ ಪೈಸೆಗೆ ಪೈಸೆ ಸರಿ ಇದೆ. ಅಷ್ಟು ಕರಾರುವಾಕ್ಕಾಗಿ ಲೆಕ್ಕ ಗೊತ್ತಿರುವುದು ತೆಗೆದುಕೊಂಡವನಿಗೆ ಮಾತ್ರ ಎಂದು ಆ ಕ್ಷಣದಲ್ಲಿ ಹೊಳೆಯುವುದು ಕಷ್ಟ.

“ಥ್ಯಾಂಕ್ಸ್ ಸಾರ್, ಯಾವಾಗ ಬರಲಿ ಸಾರ್?”

“ಬರೋದೇನೂ ಬೇಡ. ಕೋರ್ಟ್ ಫೀ 1,500 ಹಾಕಿ, ಹತ್ತೇ ನಿಮಿಷದಲ್ಲಿ ಕ್ರೆಡಿಟ್ ಆಗುತ್ತೆ.”