ಔಷಧ ಬರೆಯದ ಡಾಕ್ಟರ್ ಬಾಯಾರ ಗಂಡ

ವಿಜಯಪುರದಲ್ಲಿ ನನಗೆ ಸ್ವಂತ ಹೆಸರಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಹಿತ್ತಾಳೆ ಫಲಕದ ಮೇಲೆ ಒಂದು ಹೆಸರು ಕೆತ್ತಿಸಿ ಇಟ್ಟಿದ್ದಾರೆ, ನಿಜ. ಅದನ್ನು ಓದಿದವರನ್ನು ನಾನಂತೂ ಕಂಡಿಲ್ಲ. "ಡಾಕ್ಟರ್ ಬಾಯಾರ ಗಂಡ ಎಲ್ಲಿ ಕುಂಡ್ರತಾರ್ರಿ?" ಅಂತಲೇ ಕೇಳಿಕೊಂಡು ಬರುತ್ತಾರೆ. ಎಫ್‌ಡಿ ಮಾಡಿಸಲು ಬಂದವರು ಫಾರ್ಮಿನ ಜೊತೆ ಮೊಮ್ಮಗನ ರಕ್ತದ ರಿಪೋರ್ಟನ್ನೂ ಕಿಟಕಿಯೊಳಗೆ ತಳ್ಳುತ್ತಾರೆ. ನಾನು ಬಡ್ಡಿ ದರ ಹೇಳಿದರೆ ಮೂವರನ್ನು ಕೇಳಿ ಖಾತ್ರಿ ಮಾಡಿಕೊಳ್ಳುವ ಜನ, "ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ ಐತ್ರಿ" ಅಂದರೆ ಕೈಮುಗಿದು ಹೋಗುತ್ತಾರೆ. ನಾನು ಓದಿದ್ದು ಬಿಕಾಂ.

ನನ್ನ ಹೆಂಡತಿ ಮಕ್ಕಳ ಡಾಕ್ಟರ್. ಕೈಗುಣ ಒಳ್ಳೆಯದು, ಮಾತು ಮೆತ್ತಗೆ. ಆದರೂ ಅವಳಲ್ಲಿ ಒಂದು ಭಾರಿ ಐಬು ಇದೆ ಅನ್ನುವುದು ಜಿಲ್ಲೆಯ ಅಜ್ಜಿಯರ ಒಮ್ಮತದ ಅಭಿಪ್ರಾಯ. ಅವಳು ಔಷಧ ಬರೆಯುವುದಿಲ್ಲ.

ಇಂಡಿಯಿಂದಲೋ ತಾಳಿಕೋಟೆಯಿಂದಲೋ ಬಸ್ಸು ಹತ್ತಿ ಬಂದಿರುತ್ತಾರೆ. ಒಂದು ಕೂಸಿನ ಜೊತೆ ತಾಯಿ, ಅಜ್ಜಿ, ಅತ್ತಿ, ಚೀಲ ಹಿಡಿದ ಸೋದರಮಾವ. ಇವಳು ಎದೆ ನೋಡುತ್ತಾಳೆ, ಕಿವಿ ನೋಡುತ್ತಾಳೆ, ಗಡಿಯಾರ ಹಿಡಿದು ಉಸಿರು ಎಣಿಸುತ್ತಾಳೆ. ಆಮೇಲೆ ನಕ್ಕು, "ವೈರಲ್ ಜ್ವರ. ಆಡ್ತಾನ, ನೀರು ಕುಡೀತಾನ. ಮೈ ಬಿಸಿ ಆದ್ರ ಪ್ಯಾರಾಸಿಟಮಾಲ್ ಕೊಡ್ರಿ. ಮೂರ್ನಾಕು ದಿನಕ್ಕ ತಾನ ಇಳೀತದ" ಅನ್ನುತ್ತಾಳೆ. ಅಲ್ಲಿಂದ ಶುರು.

"ಸೂಜಿ?"

"ಬ್ಯಾಡ."

"ಸಲಾಯಿನ್ನರ ಹಚ್ರಿ."

"ಬ್ಯಾಡಬೇ."

"ಕೆಮ್ಮಿನ ಬಾಟ್ಲಿ?"

"ಎರಡು ವರ್ಷದೊಳಗಿನ ಕೂಸಿಗೆ ಕೆಮ್ಮಿನ ಬಾಟ್ಲಿ ಕುಡಸಬಾರದು."

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನೆ ಕೂತು, "ಹಂಗಾರ ಫೀ ಯಾಕ್ರಿ?" ಅಂತ ಕೇಳುತ್ತಾಳೆ. ಬ್ಯಾಂಕಿನವನಾಗಿ ನನಗೆ ಇದು ನ್ಯಾಯವಾದ ಪ್ರಶ್ನೆ ಅನ್ನಿಸುತ್ತದೆ. ವೈರಸ್ಸಿನ ಮೇಲೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ ಅನ್ನುವುದನ್ನು ತಿಳಿದುಕೊಳ್ಳಲು ವರ್ಷಗಟ್ಟಲೆ ಓದಬೇಕಾಯಿತು, ಫೀ ಅದಕ್ಕೆ. ಇದನ್ನು ಆ ಅಜ್ಜಿಗೆ ಹೇಳಲು ಹೋಗಿ ನಾನೇ ಬೈಸಿಕೊಂಡಿದ್ದೇನೆ.

ಇನ್ನೊಂದು ದೂರು ಇದಕ್ಕಿಂತ ಜಾಸ್ತಿ. "ಏನೂ ಉಣ್ಣಂಗಿಲ್ರಿ." ಇದನ್ನು ಹೇಳುವಾಗ ಮಗುವಿನ ಎರಡೂ ಕೈಯಲ್ಲಿ ಬಿಸ್ಕಿಟ್ ಇರುತ್ತದೆ. ವರ್ಷ ತುಂಬಿದ ಮೇಲೆ ಮಕ್ಕಳು ಬೆಳೆಯುವ ವೇಗ ತಾನಾಗಿಯೇ ಇಳಿಯುತ್ತದೆ, ಅದಕ್ಕೇ ಹಸಿವೂ ಇಳಿಯುತ್ತದೆ ಅಂತ ಇವಳು ದಿನಾ ಹೇಳುತ್ತಾಳೆ. ಯಾರೂ ನಂಬುವುದಿಲ್ಲ. ಕೊನೆಗೆ ನಾನೇ ಒಂದು ಲೆಕ್ಕ ಬರೆದುಕೊಟ್ಟೆ. ಹುಟ್ಟಿದಾಗ 3 ಕೆಜಿ ಇದ್ದ ಕೂಸು ವರ್ಷಕ್ಕೆ ಮೂರು ಪಟ್ಟಾಗಿ 9 ಕೆಜಿ ಆಗುತ್ತದೆ. ಅದೇ ದರದಲ್ಲಿ ಮುಂದುವರಿದರೆ ಎರಡನೇ ವರ್ಷಕ್ಕೆ 27. ಮೂರನೇ ವರ್ಷಕ್ಕೆ 81. ಅಷ್ಟು ತೂಕ ನಂದೂ ಇಲ್ಲ. ಇದನ್ನು ಚಕ್ರಬಡ್ಡಿಯ ಹಾಳೆಯ ಹಾಗೆ ಟೈಪ್ ಮಾಡಿಸಿ ಕ್ಲಿನಿಕ್ಕಿನ ಗೋಡೆಗೆ ಅಂಟಿಸಿದೆವು. ಒಬ್ಬ ಯಜಮಾನರು ಕನ್ನಡಕ ಏರಿಸಿ ಪೂರ್ತಿ ಓದಿದರು. ಓದಿ ಮುಗಿಸಿ, "ಈ 81 ಕೆಜಿ ಆಗೂ ಟಾನಿಕ್ ಯಾವುದು ಬಾಯಾರ?" ಅಂದರು. ಮಾರನೇ ದಿನ ಹಾಳೆ ತೆಗೆಸಿದಳು.

ಹೊರಗಿನವರಿಗೇ ಔಷಧ ಇಲ್ಲ ಅಂದಮೇಲೆ ಮನೆಯವರ ಗತಿ ಏನು? ಒಮ್ಮೆ ನನಗೆ ಚಳಿಜ್ವರ ಬಂತು. ಮನೆತುಂಬ ಔಷಧ, ಎಲ್ಲಾ ಸ್ಯಾಂಪಲ್, ಎಲ್ಲಾ ಮಕ್ಕಳದ್ದು. ಮಾತ್ರೆ ಅನ್ನುವುದು ಒಂದೂ ಇಲ್ಲ. ಹೊರಗೆ ಅಂಗಡಿ ಮುಚ್ಚುವ ಹೊತ್ತು. ಇವಳು ನಿದ್ದೆಗಣ್ಣಲ್ಲೇ ಲೆಕ್ಕ ಹಾಕಿದಳು. 5 ಎಂಎಲ್‌ಗೆ 125 ಮಿಲಿಗ್ರಾಂ ಇರುವ ಪ್ಯಾರಾಸಿಟಮಾಲ್ ಸಿರಪ್ಪು. ದೊಡ್ಡವರಿಗೆ 650 ಬೇಕು. ಅಂದರೆ 26 ಎಂಎಲ್. ಬಾಟಲಿಯ ಮುಚ್ಚಳದಲ್ಲಿ ಐದು ಸಲ ತುಂಬಿ, ಮೇಲೆ ಇನ್ನೊಂದು ಚೂರು ಕುಡಿಸಿದಳು. ಸ್ಟ್ರಾಬೆರಿ ವಾಸನೆ. ಕುಡಿದಾದ ಮೇಲೆ ಅಭ್ಯಾಸಬಲದಿಂದ ನನ್ನ ಗಲ್ಲ ತಟ್ಟಿ, "ಜಾಣ ಅದಾನ" ಅಂದಳು. ನನ್ನ ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮದುವೆಯಾದ ಮೇಲೆ ಮಗ ಹೆಂಡತಿಯ ಕೈಗೊಂಬೆ ಆದ ಅಂತ ಅವಳಿಗಿದ್ದ ಅನುಮಾನ ಅವತ್ತು ಪಕ್ಕಾ ಆಯಿತು.

ಮಗಳಿಗೆ ತಾಯಿಯ ಗಾಳಿ ಬೇಗ ಬೀಸಿತು. ಕೆಮ್ಮು ನೆಗಡಿ ಇರುವ ಮಗುವಿಗೆ ನ್ಯುಮೋನಿಯಾ ಇದೆಯೋ ಇಲ್ಲವೋ ಅನ್ನಲು ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸುತ್ತಾರೆ. ಎರಡು ತಿಂಗಳಿಂದ ವರ್ಷದವರೆಗೆ 50, ಆಮೇಲೆ ಐದು ವರ್ಷದವರೆಗೆ 40. ಅಷ್ಟು ಮುಟ್ಟಿತೆಂದರೆ ಎಚ್ಚರ. ಇವಳು ಆಶಾ ಕಾರ್ಯಕರ್ತೆಯರಿಗೆ ಇದನ್ನು ಹೇಳಿಕೊಡುವಾಗ ಮಗಳು ಮೂಲೆಯಲ್ಲಿ ಕೂತು ಕಲಿತುಬಿಟ್ಟಳು. ನನ್ನ ಅಪ್ಪ ಮಧ್ಯಾಹ್ನ ರೊಟ್ಟಿ ಉಂಡು ಮಲಗಿದ್ದರು. ಕಣ್ಣು ಬಿಟ್ಟರೆ ಮೊಮ್ಮಗಳು ಅವರ ಅಂಗಿ ಮೇಲೆತ್ತಿ, ಗಡಿಯಾರ ಹಿಡಿದು, ಹೊಟ್ಟೆಯನ್ನೇ ದಿಟ್ಟಿಸುತ್ತ ನಿಂತಿದ್ದಾಳೆ. "ಹದಿನಾಲ್ಕು" ಅಂದಳು. ಅಪ್ಪ ಗಾಬರಿಯಾದರು. ಹದಿನಾಲ್ಕು ಏನು, ದಿನವೋ ತಿಂಗಳೋ ಅಂತ ಅವರು ಕೇಳುವಷ್ಟರಲ್ಲಿ ಅವಳು ಬೆಕ್ಕಿನ ಉಸಿರು ಎಣಿಸಲು ಓಡಿದ್ದಳು.

ಭಾನುವಾರ ಉಳಿದವರಿಗೆ ರಜೆ. ನಮಗೆ ಅಂಗನವಾಡಿ, ಇಟ್ಟಿಗೆ ಭಟ್ಟಿ, ಕಬ್ಬು ಕಡಿಯುವವರ ಗುಡಿಸಲು. ನಾನು ಸಾರಥಿ ಮತ್ತು ಗುಮಾಸ್ತ. ನನ್ನ ಅಕ್ಷರ ಚಂದ ಅನ್ನುವ ಕಾರಣಕ್ಕೆ ತಾಯಿ ಕಾರ್ಡಿನಲ್ಲಿ ತೂಕ ಬರೆಯುವ ಕೆಲಸ ನನ್ನದು. ತಕ್ಕಡಿಗೆ ಚಡ್ಡಿಯಂಥ ಜೋಳಿಗೆ ಕಟ್ಟಿ ಮಗುವನ್ನು ತೂಗುಹಾಕುತ್ತಾರೆ. ಮುಳ್ಳು ನಿಲ್ಲುವವರೆಗೆ ಕೆಳಗೆ ನಿಂತು ನೋಡಬೇಕು. ಅಷ್ಟು ಹೊತ್ತಿಗೆ ಮಗುವಿಗೆ ಹೆದರಿಕೆಯಾಗುತ್ತದೆ. ಹೆದರಿಕೆಯಾದಾಗ ಮಕ್ಕಳು ಏನು ಮಾಡುತ್ತವೆ ಅಂತ ಬರೆಯಬೇಕಿಲ್ಲ, ಅಲ್ವಾ? ನನ್ನ ಭಾನುವಾರದ ಅಂಗಿಗಳೇ ಬೇರೆ.

ಪಲ್ಸ್ ಪೋಲಿಯೊ ಬಂದರಂತೂ ಅವಳು ಮನೆ ಮರೆಯುತ್ತಾಳೆ. 1995ರಲ್ಲಿ ಶುರುವಾದ ಕಾರ್ಯಕ್ರಮ. ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಸಿಕ್ಕಿದ್ದು. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊ ಮುಕ್ತ ಅಂತ ಪ್ರಮಾಣಪತ್ರ ಬಂದ ದಿನ ಇವಳು ಎರಡು ಕೆಜಿ ಪೇಡೆ ತಂದು ಓಣಿಗೆಲ್ಲ ಹಂಚಿದಳು. ಓಣಿಯವರು ನಮಗೆ ಎರಡನೇ ಮಗು ಆಗುತ್ತದೆ ಅಂದುಕೊಂಡರು. ಇರಲಿ. ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ರೋಗ ಇನ್ನೂ ಇರುವುದರಿಂದ ಇಲ್ಲಿ ಹನಿ ಹಾಕುವುದು ನಿಂತಿಲ್ಲ. ಭಾನುವಾರ ಬೂತು, ಮರುದಿನದಿಂದ ಮನೆಮನೆ. ಎಲ್ಲ ಮಕ್ಕಳಿಗೂ ಹನಿ ಬಿದ್ದಿದ್ದರೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ 'ಪಿ' ಬರೆಯುತ್ತಾರೆ. ಮಗು ತಪ್ಪಿಹೋಗಿದ್ದರೆ, ಬೀಗ ಹಾಕಿದ್ದರೆ 'ಎಕ್ಸ್'.

ಒಂದು ಸಲ ಮೂರು ದಿನ ಊರೆಲ್ಲ ತಿರುಗಿ, ಎಕ್ಸ್ ಇದ್ದ ಮನೆಗಳನ್ನೆಲ್ಲ ಪಿ ಮಾಡಿಸಿ, ಬಿಸಿಲಿಗೆ ಕಪ್ಪಾಗಿ ಮನೆಗೆ ಬಂದೆವು. ನಮ್ಮ ಮನೆಯ ಗೋಡೆಯ ಮೇಲೆ ದೊಡ್ಡ ಎಕ್ಸ್. ಅಪ್ಪ ಅಮ್ಮ ಮಗಳನ್ನು ಕರೆದುಕೊಂಡು ತೊರವಿಯ ನರಸಿಂಹನ ಗುಡಿಗೆ ಹೋಗಿದ್ದರು, ಮನೆಗೆ ಬೀಗ. ಮಗಳಿಗೆ ಬೂತಿನಲ್ಲಿ ಮೊದಲ ಹನಿಯೇ ಬಿದ್ದಿತ್ತು. ಆದರೆ ಬೀಗ ಅಂದರೆ ಬೀಗ. ಮರುದಿನ ಬೆಳಿಗ್ಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಡಬ್ಬಿ ನೇತುಹಾಕಿಕೊಂಡು ಬಂದಳು. ಹಲ್ಲುಜ್ಜುತ್ತ ನಿಂತಿದ್ದ ನನಗೆ ಪೋಲಿಯೊ ಅಂದರೆ ಏನು, ಅದರಿಂದ ಕಾಲು ಹೇಗೆ ಹೋಗುತ್ತದೆ, ವಿದ್ಯಾವಂತರೇ ಹೀಗೆ ಅಸಡ್ಡೆ ಮಾಡಿದರೆ ಹೇಗೆ ಅಂತ ಪೂರ್ತಿ ಪಾಠ ಹೇಳಿದಳು. ಒಳಗಿಂದ ನನ್ನ ಹೆಂಡತಿ ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದಳು, ಹೊರಗೆ ಬರಲಿಲ್ಲ. ಆಮೇಲೆ, "ಎಷ್ಟ್ ಛಲೋ ಹೇಳಿದ್ಳು ನೋಡ್ರಿ" ಅಂತ ದಿನವಿಡೀ ಖುಷಿಪಟ್ಟಳು. ನನ್ನ ಮರ್ಯಾದೆಯ ಬಗ್ಗೆ ಯಾರೂ ಕೇಳಲಿಲ್ಲ.

ಜವಳದ ಕಾರ್ಯಕ್ರಮದ ಕಥೆ ಇದಕ್ಕಿಂತ ದುಬಾರಿ. ಬಬಲೇಶ್ವರದ ಕಡೆ ಒಂದು ಹಳ್ಳಿ, ಗುರುತಿನವರ ಮನೆ. ಹೋಳಿಗೆ ಊಟ. ಇವಳ ಪರ್ಸಿನಲ್ಲಿ ಲಿಪ್‌ಸ್ಟಿಕ್ ಇರಲಿಕ್ಕಿಲ್ಲ, ತೋಳು ಅಳೆಯುವ ಬಣ್ಣದ ಪಟ್ಟಿ ಇದ್ದೇ ಇರುತ್ತದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ರಟ್ಟೆಗೆ ಅದನ್ನು ಸುತ್ತಿದರೆ ಸಾಕು. 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕೆಂಪು, ಮಗು ತೀರಾ ಸೊರಗಿದೆ ಅಂತ. 12.5ರವರೆಗೆ ಹಳದಿ. ಅದರ ಮೇಲೆ ಹಸಿರು. ಮೂಲೆಯಲ್ಲಿ ಒಂದು ಬಡಕಲು ಹುಡುಗಿ ಕೂತಿತ್ತು. ಇವಳು ಸುಮ್ನೆ ಹೋಗಿ ಪಟ್ಟಿ ಸುತ್ತಿದಳು. ಹಳದಿ.

ಅಷ್ಟರಲ್ಲಿ ಒಬ್ಬ ಮುದುಕಿ ಪಡಸಾಲೆಗೆಲ್ಲ ಕೇಳುವಂತೆ, "ಡಾಕ್ಟರ್ ಬಾಯಾರು ಕೂಸಿಗೆ ಬೆಳ್ಳಿ ಕಡಗಾ ಮಾಡಸ್ತಾರಂತ!" ಅಂದಳು. ನೋಡನೋಡುತ್ತ ಸಾಲು ನಿಂತಿತು. ಯಾವ ಅಂಗನವಾಡಿಯಲ್ಲೂ ಕರೆದರೆ ಬಾರದ ತಾಯಂದಿರು ತಾವಾಗಿ ಮಗುವಿನ ತೋಳು ಮುಂದೆ ಮಾಡುತ್ತಿದ್ದಾರೆ. ಇವಳಿಗೆ ಆನಂದವೋ ಆನಂದ. ಜನರಲ್ಲಿ ತಿಳಿವಳಿಕೆ ಬಂತು ಅಂತ ನನಗೆ ಕಣ್ಸನ್ನೆ. ನನ್ನ ಪಕ್ಕ ಕೂತಿದ್ದ ಅಜ್ಜ ಮೆಲ್ಲಗೆ, "ಎಷ್ಟೆಷ್ಟ್ ತೊಲಿದ್ರಿ?" ಅಂದಾಗ ನನಗೆ ಹೋಳಿಗೆ ಗಂಟಲಲ್ಲೇ ನಿಂತಿತು. ಕೊನೆಗೆ ನಿಜ ಹೇಳಿ ಬಿಡಿಸಿಕೊಂಡೆವು. ಆ ಹಳದಿ ಹುಡುಗಿಗೆ ಮಾತ್ರ ಕಡಗ ಮಾಡಿಸಿಕೊಟ್ಟೆವು. ಊಟಕ್ಕೆ ಎಣ್ಣೆ, ತುಪ್ಪ ಬೆರೆಸಿ, ತತ್ತಿ, ಬ್ಯಾಳಿ, ಶೇಂಗಾ ಪುಡಿ ಕೊಡಿ ಅಂತ ಇವಳು ಆ ತಾಯಿಗೆ ಹೇಳಿದ್ದಳು. ಇಡೀ ಶೇಂಗಾ ಕಾಳು ಸಣ್ಣ ಮಕ್ಕಳ ಶ್ವಾಸಕ್ಕೆ ಸಿಕ್ಕಿಕೊಳ್ಳುತ್ತದೆ, ಪುಡಿ ಮಾಡಿಯೇ ಕೊಡಬೇಕು ಅಂತಲೂ ಹೇಳಿದ್ದಳು. ಕೆಲವು ತಿಂಗಳ ಮೇಲೆ ಅವರು ಕ್ಲಿನಿಕ್ಕಿಗೆ ಬಂದರು. "ಕಡಗಾ ಬಿಗಿ ಆಗೇತ್ರಿ ಬಾಯಾರ, ದೊಡ್ಡದ ಮಾಡಸಿ ಕೊಡ್ರಿ." ಇವಳು ಪಟ್ಟಿ ಸುತ್ತಿ ಹಸಿರು ನೋಡಿ ಕುಣಿಯುವುದೊಂದು ಬಾಕಿ. ಎರಡನೇ ಕಡಗದ ಬಿಲ್ಲೂ ನನ್ನ ಹತ್ತಿರ ಇದೆ.

ವಾಟ್ಸಾಪ್ ಬಂದ ಮೇಲಿನ ಕಷ್ಟವನ್ನು ಬೇಗ ಹೇಳಿ ಮುಗಿಸುತ್ತೇನೆ, ಊಟದ ಹೊತ್ತಿಗೆ ಓದುವವರೂ ಇರುತ್ತಾರೆ. ರಾತ್ರಿ ಜೋಳದ ರೊಟ್ಟಿ, ಪುಂಡಿ ಪಲ್ಯ. ಫೋನು ಟಣ್ ಅನ್ನುತ್ತದೆ. ಇವಳ ಕೈಯಲ್ಲಿ ಹಿಟ್ಟು, "ಯಾರದು ನೋಡ್ರಿ" ಅನ್ನುತ್ತಾಳೆ. ನೋಡುತ್ತೇನೆ. ಹಸಿರು ಬಣ್ಣದ್ದು. ತಟ್ಟೆಯಲ್ಲಿರುವುದೂ ಹಸಿರು. ಎದೆಹಾಲು ಕುಡಿಯುವ ಕೂಸು ದಿನಕ್ಕೆ ಏಳೆಂಟು ಸಲ ಹೋದರೂ, ನಾಲ್ಕೈದು ದಿನ ಹೋಗದಿದ್ದರೂ, ಆರಾಮಾಗಿ ಆಡಿಕೊಂಡಿದ್ದರೆ ಚಿಂತೆಯಿಲ್ಲ. ಬಣ್ಣ ಹಳದಿಯೋ ಹಸಿರೋ, ನಡೆಯುತ್ತದೆ. ಇದನ್ನು ಬ್ಯಾಂಕ್ ನೌಕರನೊಬ್ಬ ಪಲ್ಯ ಪಕ್ಕಕ್ಕಿಟ್ಟು ಟೈಪ್ ಮಾಡಿ ಕಳಿಸುತ್ತಾನೆ. ಆ ಕಡೆಯಿಂದ ಉತ್ತರ ಬರುತ್ತದೆ: "ಔಷಧ?"

ಹೋದ ಚಳಿಗಾಲದಲ್ಲಿ ಧಾರವಾಡದಿಂದ ನೆಂಟರು ಬಂದರು. ವಿಜಯಪುರದಲ್ಲಿ ನೆಂಟರನ್ನು ಗೋಳಗುಮ್ಮಟ ತೋರಿಸದೆ ಕಳಿಸುವ ಹಾಗಿಲ್ಲ. ಇವಳೂ ಬಂದಳು. ಫೋನು ಆಫ್, ಸ್ಟೆತಸ್ಕೋಪ್ ಮನೆಯಲ್ಲಿ. ಮೀನಾರದ ಏಳು ಅಂತಸ್ತಿನ ಕಿರಿದಾದ ಮೆಟ್ಟಿಲು ಏರಿ, ಏದುಸಿರು ಬಿಡುತ್ತ ಗುಮ್ಮಟದೊಳಗಿನ ಗ್ಯಾಲರಿಗೆ ಹೋದೆವು. ಮಹಮ್ಮದ್ ಆದಿಲ್ ಶಾಹನ ಈ ಗೋರಿ ಕಟ್ಟಿ ಮುಗಿದದ್ದು 1656ರಲ್ಲಿ. ಇಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಸುಮಾರು 38 ಮೀಟರ್ ಆಚೆ ಎದುರು ಗೋಡೆಗೆ ಕಿವಿಯಿಟ್ಟವರಿಗೆ ಸ್ಪಷ್ಟ ಕೇಳುತ್ತದೆ. ನಾನು ನೆಂಟರನ್ನು ಕರೆದುಕೊಂಡು ಆಚೆ ಕಡೆ ಹೋದೆ. ಇವಳು ದಣಿವಾರಿಸಿಕೊಳ್ಳಲು ಗೋಡೆಗೆ ಒರಗಿ ಕೂತಳು. ಅಲ್ಲೊಬ್ಬ ತಾಯಿ ಇವಳ ಗುರುತು ಹಿಡಿದಳು.

ಪಾಪ, ಸಂಕೋಚದ ಹೆಂಗಸು. ಯಾರಿಗೂ ಕೇಳಬಾರದು ಅಂತ ಗೋಡೆ ಕಡೆ ತಿರುಗಿ ಪಿಸುಗುಟ್ಟಿದಳು.

"ನಾಕ್ ದಿನಾ ಆತ್ರಿ ಬಾಯಾರ, ಹುಡುಗ ಎರಡಕ್ಕ ಹೋಗಿಲ್ಲ."

ಆಚೆ ಗೋಡೆಗೆ ಕಿವಿಯಿಟ್ಟು ಕೂತಿದ್ದ ಕಾಲೇಜು ಹುಡುಗರ ಗುಂಪು ಒಂದೇ ಸಲ ಸೆಟೆದು ಕೂತಿತು. ನನ್ನ ನೆಂಟರು ನನ್ನ ಮುಖ ನೋಡಿದರು. ಇವಳೂ ಅಷ್ಟೇ ಮೆಲ್ಲಗೆ ಕೇಳುತ್ತಿದ್ದಾಳೆ.

"ಗಟ್ಟಿ ಆಕ್ಕದೇನು? ಹಾಲು ಎಷ್ಟು ಕುಡೀತಾನ?"

"ಹಾಲಿನ ಮ್ಯಾಲೇ ಅದಾನ್ರಿ. ದಿನಾ ಒಂದು ಲೀಟರ್. ಉಣ್ಣಂಗೇ ಇಲ್ಲ."

ನಾನು ಎರಡೂ ಕೈ ಎತ್ತಿ ಬೀಸಿದೆ, ಸಾಕು ಮಾಡು ಅಂತ. ಅವಳು ಮುಗುಳ್ನಕ್ಕು ತಿರುಗಿ ಕೈಬೀಸಿದಳು. ಮತ್ತೆ ಗೋಡೆ ಕಡೆ ತಿರುಗಿದಳು. ಹಾಲು ಎರಡು ಲೋಟಕ್ಕೆ ಇಳಿಸಬೇಕು, ರೊಟ್ಟಿ, ಕಾಯಿಪಲ್ಯ, ಪೇರಲ ಹಣ್ಣು ಕೊಡಬೇಕು, ನೀರು ಕುಡಿಸಬೇಕು, ಉಂಡ ಮೇಲೆ ದಿನಾ ಒಂದೇ ಹೊತ್ತಿಗೆ ಕೂಡಿಸಬೇಕು. ಗೋಡೆ ಒಂದಕ್ಷರ ಬಿಡದೆ ತಂದು ಒಪ್ಪಿಸುತ್ತಿತ್ತು. ಚಪ್ಪಾಳೆ, ಕೂಗು ಎಲ್ಲ ನಿಂತು ಗ್ಯಾಲರಿಗೆ ಗ್ಯಾಲರಿಯೇ ತೆಪ್ಪಗಾಗಿತ್ತು. ಆ ತಾಯಿ ಕೊನೆಗೆ, "ಔಷಧ ಏನೂ ಬ್ಯಾಡೇನ್ರಿ?" ಅಂದಳು.

ಇವಳಿಗೆ ಅದೊಂದು ಪ್ರಶ್ನೆ ಕೇಳಿದರೆ ದನಿ ತಾನಾಗಿಯೇ ಏರುತ್ತದೆ. "ಔಷಧ ಬ್ಯಾಡ!" ಅಂದಳು. ಗುಮ್ಮಟ ಹಿಡಿದುಕೊಂಡಿತು. ಬ್ಯಾಡ, ಬ್ಯಾಡ, ಬ್ಯಾಡ, ಬ್ಯಾಡ.

ಅದು ಇನ್ನೂ ಪೂರ್ತಿ ಅಡಗಿರಲಿಲ್ಲ. ನನ್ನ ಪಕ್ಕದಿಂದ, ಗೋಡೆಗೆ ಕಿವಿಯಿಟ್ಟಿದ್ದ ರುಮಾಲಿನ ಅಜ್ಜ ಒಬ್ಬರು ಎದ್ದು ನಿಂತು, ಆಚೆ ಕಡೆಗೆ ಕೈಯೆತ್ತಿ ಕೂಗಿದರು:

"ಹಂಗಾರ ಒಂದ್ ಸೂಜಿನರ ಮಾಡ್ರೀ ಬಾಯಾರ!"