ಸಣ್ಣ ಪತ್ರಿಕೆಗಳನ್ನು ನಿಲ್ಲಿಸಿದ್ದು ಓದುಗರಲ್ಲ

ಮಲೆನಾಡಿನ ಚಳವಳಿಗಳ ಸಣ್ಣ ಪತ್ರಿಕೆಗಳು ಓದುಗರಿಲ್ಲದೆ ನಿಂತುಹೋದವು ಎಂದು ಆ ಪತ್ರಿಕೆಗಳ ಕುರಿತ ಲೇಖನಮಾಲೆಯಲ್ಲಿ ಅದರ ಲೇಖಕರು ಬರೆದ ಮಾತನ್ನು ನಾನು ಒಪ್ಪಲಾರೆ. 1951ರಲ್ಲಿ ಗೇಣಿದಾರ ರೈತರ ಕಾಗೋಡು ಸತ್ಯಾಗ್ರಹವನ್ನು ಕಂಡ, ಮುಂದೆ ರೈತ ಚಳವಳಿಗೂ ನೆಲೆಯಾದ ಶಿವಮೊಗ್ಗ ಜಿಲ್ಲೆಯಲ್ಲಿ ಓದುಗರಿಗೆ ಎಂದೂ ಬರವಿರಲಿಲ್ಲ. 1955ರಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಹೊರಬಂದು ಬೇರೆ ಪಕ್ಷ ಕಟ್ಟಿದಂತೆ, ಚಳವಳಿಗಳು ಒಡೆಯುವುದು ಹೊಸದೇನಲ್ಲ. ಆದರೆ ಒಡಕಿನ ಪೆಟ್ಟು ಮೊದಲು ಬೀಳುವುದು ಪತ್ರಿಕೆಯ ಮೇಲೆ.

ಇದಕ್ಕೆ ಕಾನೂನಿನ ಕಾರಣವೂ ಇದೆ. 1867ರ ಪತ್ರಿಕಾ ನೋಂದಣಿ ಕಾಯ್ದೆಯಡಿ ಮುದ್ರಕರು ಮತ್ತು ಪ್ರಕಾಶಕರು ಮ್ಯಾಜಿಸ್ಟ್ರೇಟರ ಮುಂದೆ ಪತ್ರಿಕೆಯ ಮುದ್ರಕರು, ಪ್ರಕಾಶಕರು ತಾವೇ ಎಂಬ ಘೋಷಣೆ ಸಲ್ಲಿಸಬೇಕಿತ್ತು. ಹೀಗಾಗಿ ಸಂಘಟನೆಯ ನೂರಾರು ಜನ ಚಂದಾ ಎತ್ತಿ ಬೆಳೆಸಿದ ಪತ್ರಿಕೆಯೂ ಕಾಗದದಲ್ಲಿ ಒಬ್ಬಿಬ್ಬರ ಹೆಸರಿನಲ್ಲಿಯೇ ಇರುತ್ತಿತ್ತು. ಬಣಗಳು ಬೇರೆಯಾದ ದಿನ ಹೆಸರು ಒಬ್ಬರ ಬಳಿ, ಚಂದಾದಾರರ ವಿಳಾಸದ ಪುಸ್ತಕ ಇನ್ನೊಬ್ಬರ ಬಳಿ, ಮುದ್ರಣಾಲಯದ ಬಾಕಿ ಮಾತ್ರ ಯಾರದ್ದೂ ಅಲ್ಲ ಎಂಬಂತಾಗುತ್ತಿತ್ತು.

ಅಂಥ ದಿನಗಳ ಸಂಚಿಕೆಯೊಂದನ್ನು ತೆರೆದರೆ ಗೇಣಿ, ಅಡಿಕೆ ಧಾರಣೆಯ ಸುದ್ದಿ ಒಂದು ಅಂಕಣಕ್ಕೆ ಕುಗ್ಗಿರುತ್ತದೆ. ಉಳಿದ ಪುಟಗಳಲ್ಲೆಲ್ಲ ಸ್ಪಷ್ಟನೆ, ಸ್ಪಷ್ಟನೆಗೆ ಉತ್ತರ, ಉಚ್ಚಾಟನೆಯ ಪ್ರಕಟಣೆ. ಸಾಗರ, ಹೊಸನಗರದ ಹಳ್ಳಿಯ ಓದುಗ ಹಣ ಕಳಿಸಿದ್ದು ಇದಕ್ಕಲ್ಲ. ಎರಡೂ ಬಣಗಳ ಬರಹಕ್ಕೆ ಸಮಾನ ಜಾಗ ಕೊಟ್ಟ ಸಂಪಾದಕರನ್ನು ಇಬ್ಬರೂ ದ್ರೋಹಿ ಎಂದು ಕರೆದದ್ದು ನನಗೆ ಇಂದಿಗೂ ನೋವಿನ ಸಂಗತಿ. ಲೇಖಕರು ಮುಂದಿನ ಕಂತಿನಲ್ಲಿ ಆ ಸಂಪಾದಕರ ಪಾಡನ್ನೂ ಬರೆಯಬೇಕೆಂದು ಕೋರುತ್ತೇನೆ.